ಸೋಮವಾರದ ಹಾಲು

ಸಂಪಗಾಂವ
ಶನಿವಾರ, ೧೫ ನವೆಂಬರ್ ೨೦೨೫

ಪೂಜ್ಯ ಅತ್ತೆಯವರ ಪಾದಗಳಿಗೆ ಶರಣು.

ನಾನು ಗುರವ್ವ. ನಿಮ್ಮ ಮಗ ನಿಜಗುಣಪ್ಪನವರ ಹೆಂಡತಿ, ಈ ಮನೆಯ ಹಿರಿ ಸೊಸೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಈ ಹೊಸ್ತಿಲು ತುಳಿದವಳು. ನೀವೇ ನಾಲ್ಕು ಮಂದಿಯ ಎದುರಿಗೆ ಕರೆದು ಬೀಗದ ಕೈ ಕೊಟ್ಟ ದಿನದಿಂದ ಈ ಮನೆಯ ಅಡುಗೆ, ಆಳು, ಹೊಲ, ಹೈನು ಎಲ್ಲವನ್ನೂ ಒಬ್ಬರೂ ಬೆರಳು ತೋರಿಸದಂತೆ ನಡೆಸಿಕೊಂಡು ಬಂದವಳು. ಇದೆಲ್ಲ ನಿಮಗೆ ಗೊತ್ತಿಲ್ಲವೆಂದು ಬರೆಯುತ್ತಿಲ್ಲ. ಮೊನ್ನೆ ಸಾಲಹಳ್ಳಿಯಿಂದ ನಿಮ್ಮ ಮಗಳು ನೀಲವ್ವನ ಫೋನಿನಲ್ಲಿ ನೀವು ಹೇಳಿಸಿದ ಮಾತು ಕೇಳಿದ ಮೇಲೆ ಒಮ್ಮೆ ನೆನಪು ಮಾಡಿಕೊಡಬೇಕು ಅನಿಸಿತು. “ಸೋಮಾರದ ಹಾಲ ಮುಟ್ಟಿರಬೇಕ ನೀವು, ಅದಕ್ಕ ಆಕಳ ಕೆಚ್ಚಲ ಬಾತೈತಿ” ಎಂದಿರಂತೆ. ನಾನು ಬಂದಾಗಿನಿಂದ ಒಂದು ಸೋಮವಾರ ಸಂಜೆಯೂ ಈ ಮನೆಯಲ್ಲಿ ಯಾರೂ ಆಕಳ ಕೆಚ್ಚಲಿಗೆ ಕೈ ಹಾಕಿಲ್ಲ, ಅತ್ತೆಯವರೇ. ಹಾಕಲು ನಾನು ಬಿಟ್ಟಿಲ್ಲ. ಇದನ್ನು ಮೊದಲು ತಿಳಿದುಕೊಂಡು ಆಮೇಲೆ ಮುಂದಿನದನ್ನು ಕೇಳಿರಿ.

ನಿಮ್ಮ ಮೊಣಕಾಲು ಹೇಗಿದೆ? ಇಲ್ಲಿ ಚಳಿ ಬಿದ್ದಿದೆ, ಸಾಲಹಳ್ಳಿಯ ಕಡೆ ಗಾಳಿ ಇನ್ನೂ ಜೋರು ಎನ್ನುತ್ತಾರೆ. ಬಿಸಿಲು ಏರುವ ತನಕ ಹೊರಗಿನ ಕಟ್ಟೆಗೆ ಬಂದು ಕೂಡಬೇಡಿ. ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟಲು ನೀಲವ್ವನಿಗೆ ಹೇಳಿದ್ದೇನೆ. ತಾಯಿ ದೀಪಾವಳಿಗೆಂದು ಬಂದು ಅಲ್ಲಿಯೇ ಉಳಿದಿದ್ದಾಳೆ, ಮಗಳಾದವಳು ಅಷ್ಟು ಮಾಡಲಿ. ಡಾಕ್ಟರು ಕೊಟ್ಟ ಗುಳಿಗೆಗಳನ್ನು ನುಂಗಿದಂತೆ ಮಾಡಿ ದಿಂಬಿನ ಕೆಳಗೆ ಇಡುವುದು ನಿಮ್ಮ ರೂಢಿ. ನನಗೆ ಗೊತ್ತಿತ್ತು, ನೀಲವ್ವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಇನ್ನು ಶೀತಲ, ನೀಲವ್ವನ ಸೊಸೆ ಎಂದು ನಿನ್ನನ್ನು ನಂಬಿ ಈ ಪತ್ರ ಓದಲು ಕೊಡುತ್ತಿದ್ದೇನೆ. ಫೋನಿನಲ್ಲಿ ಅತ್ತೆಯವರಿಗೆ ಕೇಳಿಸುವುದಿಲ್ಲ, ನಡುವಿನವರು ಹೇಳುವಾಗ ನನ್ನ ಮಾತಿಗೆ ಅವರ ಉಪ್ಪು ಬೀಳುತ್ತದೆ. ಎಡಗಿವಿಯ ಹತ್ತಿರ ಕುಳಿತು ಓದು. ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ.

ಈಗ ಚಂದ್ರಿಯ ವಿಷಯ. ದಸರೆಯಲ್ಲಿ ಕಲ್ಮೇಶ ಆ ಎಚ್.ಎಫ್. ಸೀಮೆ ಆಕಳನ್ನು ಕರುವಿನ ಸಮೇತ ತಂದು ಅಂಗಳದಲ್ಲಿ ನಿಲ್ಲಿಸಿದಾಗ ನೀವೇ ಕುಂಕುಮ ಹಚ್ಚಿ, “ಲಕ್ಷ್ಮಿ ಬಂದಾಳ ಖರೆ, ಆದ್ರ ಈಕಿ ಹೊಟ್ಟಿ ಭಾಳ ದೊಡ್ಡದೈತಿ” ಎಂದಿದ್ದಿರಿ. ನಮ್ಮ ಮೊಮ್ಮಗ ಕೊಂಡದ್ದು ಎಂದು ಹೆಮ್ಮೆಯೂ ಪಟ್ಟಿರಿ. ಹೊಟ್ಟೆ ದೊಡ್ಡದಾದರೂ ಹಾಲೂ ಹಾಗೆಯೇ ಕೊಟ್ಟಳು. ಜವಾರಿ ಆಕಳುಗಳ ತಂಬಿಗೆ ಹಾಲು ಕಂಡಿದ್ದ ನಾನು, ಕೊಡ ತುಂಬಿದ್ದನ್ನು ನೋಡಿ ದೃಷ್ಟಿಯಾದೀತೆಂದು ಸೆರಗು ಮುಚ್ಚಿ ಡೇರಿಗೆ ಕಳಿಸುತ್ತಿದ್ದೆ. ನೀವು ಸಾಲಹಳ್ಳಿಗೆ ಹೋದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹಿಂಡಲು ಕುಳಿತರೆ ಚಂದ್ರಿ ಕಾಲು ಎತ್ತಿದಳು. ಹಿಂದಿನ ಬಲ ಮೊಲೆಯ ಮೇಲೆ ಕೈ ಇಟ್ಟೆ. ಹಂಚಿನಿಂದ ಈಗ ತೆಗೆದ ರೊಟ್ಟಿಯಷ್ಟು ಬಿಸಿ. ಹಿಂಡಿದರೆ ಹಾಲಿಗೆ ಬದಲು ನೀರು, ನೀರಿನಲ್ಲಿ ಒಡೆದ ಹಾಲಿನಂಥ ಹೆಪ್ಪು. ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ಉಳಿದ ಮೂರು ಮೊಲೆಗಳಲ್ಲಿ ಮಲ್ಲಿಗೆಯಂಥ ಹಾಲು.

ಅಲ್ಲಿಂದ ನನ್ನ ತಲೆ ಕೆಟ್ಟಿತು. ಎದುರು ಮನೆಯ ಸೋಮಪ್ಪ ಬಂದು ಉಷ್ಣವಾಗಿದೆ, ಶೇಂಗಾ ಹಿಂಡಿ ತಿನ್ನಿಸುವುದು ಬಿಡಿ ಎಂದ. ಅವನ ಹೆಂಡತಿ ದೃಷ್ಟಿ ಎಂದಳು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಸ್ವಲ್ಪ ಘಾಟು ಬಂತು, ಸ್ವಲ್ಪ ಬರಲಿಲ್ಲ. ಪೂರಾ ಬಂದಿದ್ದರೆ ದೃಷ್ಟಿಯಲ್ಲ ಎನ್ನಬಹುದಿತ್ತು, ಪೂರಾ ಬರದಿದ್ದರೆ ದೃಷ್ಟಿ ಎನ್ನಬಹುದಿತ್ತು. ಅರ್ಧ ಬಂದರೆ ಏನೆನ್ನಬೇಕು? ಹಿರಿಯರು ಮನೆ ಬಿಟ್ಟ ಮೇಲೆ ಹೀಗೆಯೇ ಎಂದೂ ಒಬ್ಬಳು ಹೇಳಿದಳು. ಯಾರೆಂದು ಬರೆಯುವುದಿಲ್ಲ, ನೀವು ಬಂದ ಮೇಲೆ ಅವಳ ಜೊತೆ ಮಾತು ಬಿಡುತ್ತೀರಿ. ಎರಡು ದಿನದಲ್ಲಿ ಬಾವು ತಾನಾಗಿಯೇ ಇಳಿಯಿತು, ಹಾಲು ಬೆಳ್ಳಗಾಯಿತು. ಗುಣವಾಯಿತೆಂದು ನಾನು ಬಸವಣ್ಣನಿಗೆ ಕಾಯಿ ಒಡೆಸಿದೆ. ಮುಂದಿನ ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಮೊಲೆ, ಅದೇ ಬಿಸಿ, ಅದೇ ಹೆಪ್ಪು. ಕಾಯಿ ಒಡೆಸಿದ್ದು ತಪ್ಪಾಯಿತೋ, ತಡವಾಯಿತೋ ತಿಳಿಯಲಿಲ್ಲ. ಕಲ್ಮೇಶ ಹೋಗಿ ದನದ ಡಾಕ್ಟರನ್ನು ಕರೆತಂದ.

ಡಾಕ್ಟರ ಹೆಸರು ಅನಿಕೇತ, ಹೂಲಿಯ ಕಡೆಯ ಪೂಜಾರಿ ಮನೆತನದ ಹುಡುಗ. ಇನ್ನೂ ಮೀಸೆ ಗಟ್ಟಿಯಾಗಿಲ್ಲ, ಆದರೆ ಕೈ ಮೆತ್ತಗಿದೆ. ಚಂದ್ರಿ ಅವನಿಗೆ ಒದೆಯಲಿಲ್ಲ. ನಾಲ್ಕು ಬಟ್ಟಲುಗಳಿರುವ ಒಂದು ಬಿಳಿ ತಟ್ಟೆ ತೆಗೆದು, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ, ನೇರಳೆ ಬಣ್ಣದ ನೀರು ಹಾಕಿ ತಿರುಗಿಸಿದ. ಎರಡು ಬಟ್ಟಲಿನದು ಹಾಗೆಯೇ ಹರಿದಾಡಿತು. ಬಾತ ಮೊಲೆಯದು ಲೋಳೆಸರದ ತಿರುಳಿನಂತೆ ಗಟ್ಟಿಯಾಗಿ ನಿಂತಿತು. ಇಷ್ಟು ನನಗೆ ತಿಳಿಯಿತು. ಆದರೆ ನಾಲ್ಕನೆಯದರಲ್ಲಿ, ಮಲ್ಲಿಗೆಯಂಥ ಹಾಲಿದ್ದ ಮೊಲೆಯದರಲ್ಲಿ, ಎಳೆ ಎಳೆ ಕಾಣಿಸಿತು. ಕಣ್ಣಿಗೆ ಒಳ್ಳೆಯದು, ಮೂಗಿಗೆ ಒಳ್ಳೆಯದು, ನಾಲಿಗೆಗೆ ಒಳ್ಳೆಯದು, ತಟ್ಟೆಯಲ್ಲಿ ಮಾತ್ರ ಕೆಟ್ಟದ್ದು. ಅಲ್ಲಿಯೂ ಒಳಗೊಳಗೆ ಶುರುವಾಗಿದೆಯಂತೆ. ರೋಗ ಹಾಲನ್ನು ಲೋಳೆ ಮಾಡಿತೇ ಎಂದು ಕೇಳಿದೆ. “ಇದು ರೋಗ ಅಲ್ರಿ ಅವ್ವಾರ, ರೋಗದ ಕೂಡ ಹೊಡದಾಡ್ಲಿಕ್ಕೆ ಬಂದ ಆಕಳಿನ ಮಂದಿ” ಎಂದ.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕೆಚ್ಚಲು ಹೊರಗಿನಿಂದ ಒಂದೇ ಕಂಡರೂ ಒಳಗೆ ನಾಲ್ಕು ಕೋಣೆಗಳಂತೆ. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ, ಬಾಗಿಲೇ ಇಲ್ಲ. ಹಿಂಡಿದ ಮೇಲೆ ಮೊಲೆಯ ತುದಿ ಅರ್ಧ ತಾಸು ತೆರೆದೇ ಇರುತ್ತದೆ, ಆಗ ಆಕಳು ಸಗಣಿಯಲ್ಲಿ ಮಲಗಿದರೆ ಕಣ್ಣಿಗೆ ಕಾಣದ ರೋಗಾಣು ಒಳಗೆ ಸೇರುತ್ತದೆ. ಒಳಗೆ ಹಾಲು ನಿಂತಿದ್ದರೆ ಅದಕ್ಕೆ ಹಬ್ಬ, ಕುಡಿದು ಬೆಳೆಯುತ್ತದೆ. ಆಗ ಆಕಳ ರಕ್ತದಿಂದ ಬಿಳಿ ಕಣಗಳು ಗುಂಪಾಗಿ ಕೆಚ್ಚಲಿಗೆ ನುಗ್ಗುತ್ತವೆ. ಹತ್ತನೆಯ ಇಯತ್ತೆಯಲ್ಲಿ ನಾನೂ ಓದಿದ್ದೆ, ಬಿಳಿ ರಕ್ತಕಣಗಳು ಶರೀರದ ಸೈನಿಕರು ಎಂದು. ಅವು ಬರಲೆಂದು ರಕ್ತನಾಳಗಳು ದಾರಿ ಬಿಡುತ್ತವೆ, ಅದೇ ದಾರಿಯಲ್ಲಿ ನೀರೂ ಉಪ್ಪೂ ಇಳಿಯುತ್ತವೆ. ಅದಕ್ಕೇ ಬಾವು, ಅದಕ್ಕೇ ಬಿಸಿ, ಅದಕ್ಕೇ ಹಾಲು ಉಪ್ಪು. ಸತ್ತ ಸೈನಿಕರೂ ಒಡೆದ ಹಾಲೂ ಸೇರಿದ್ದೇ ಆ ಹೆಪ್ಪು. ಇಲ್ಲಿಯ ತನಕ ಸರಿ. ಆದರೆ ಆ ಸೈನಿಕರು ಹೊಡೆದಾಡುವಾಗ ಹಾಲು ಹುಟ್ಟುವ ಜಾಗವನ್ನೇ ಸುಡುತ್ತಾರಂತೆ. ಸುಟ್ಟ ಜಾಗ ಕಲ್ಲಿನಂತೆ ಗಟ್ಟಿಯಾದರೆ ಅಲ್ಲಿ ಮತ್ತೆ ಹಾಲು ಹುಟ್ಟುವುದಿಲ್ಲ. ಅಷ್ಟೇ ಅಲ್ಲ, ಹಾಲಿನಲ್ಲಿ ಬಂದು ನಿಂತವರು ಬೆಣ್ಣೆಯ ಕಣಗಳನ್ನು ನುಂಗಿ ಹೊಟ್ಟೆ ತುಂಬಿಸಿಕೊಂಡು ರೋಗಾಣು ನುಂಗುವುದನ್ನು ಕಡಿಮೆ ಮಾಡುತ್ತಾರಂತೆ. ನಿಮ್ಮ ಮಗ ಗೋಡೆಗೆ ಒರಗಿ ಕೇಳುತ್ತಿದ್ದವರು, “ಅಂದ್ರ ಇವರೂ ಬಂದೋಬಸ್ತಿಗೆ ಬಂದು ಮದುವಿ ಊಟಕ್ಕ ಕುಂತ ಪೊಲೀಸರಂಗ ಆತು” ಎಂದರು. ಡಾಕ್ಟರು ನಕ್ಕ. ನನಗೆ ನಗು ಬರಲಿಲ್ಲ. ಕಾಯಲು ಬಂದವರೇ ಮನೆ ಸುಡುವುದು ಎಂಥ ಕಾವಲು? ಬಾವು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಎರಡೂ ಹೌದು ಎಂದ. ಎಸ್ಸೆಸ್ಸೆಲ್ಸಿಯಲ್ಲಿ ಹೀಗೆ ಉತ್ತರ ಬರೆದಿದ್ದರೆ ಪಾಸು ಮಾಡುತ್ತಿರಲಿಲ್ಲ.

ಮೊಲೆಯೊಳಗೆ ಔಷಧ ಏರಿಸಿದ. ಮೇಲೆ ಹಚ್ಚಲು ಏನಾದರೂ ಮುಲಾಮು ಬರೆದುಕೊಡುತ್ತಾನೆ ಎಂದುಕೊಂಡರೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿರಿ ಎಂದ. ನೀವು ಇದ್ದಿದ್ದರೆ ಅಲ್ಲಿಯೇ ಅವನ ದೃಷ್ಟಿ ತೆಗೆಯುತ್ತಿದ್ದಿರಿ. ಔಷಧ ಮುಗಿಯುವ ತನಕ, ಆಮೇಲೂ ಅವನು ಹೇಳುವ ತನಕ, ಚಂದ್ರಿಯ ಹಾಲು ಡೇರಿಗೂ ಇಲ್ಲ, ಮನೆಗೂ ಇಲ್ಲ, ಕರುವಿಗೂ ಇಲ್ಲ. ಹೆಪ್ಪನ್ನು ಕೊಟ್ಟಿಗೆಯ ನೆಲಕ್ಕೆ ಹಿಂಡಬಾರದು, ನೋವಿನ ಮೊಲೆಯನ್ನು ಕೊನೆಗೆ ಮುಟ್ಟಬೇಕು, ಹಿಂಡಿದ ಮೇಲೆ ಗೋದಲಿಗೆ ಮೇವಿನ ಕಣಿಕೆ ಹಾಕಬೇಕು, ತಿನ್ನುತ್ತ ನಿಂತರೆ ಆಕಳು ಮಲಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೆಚ್ಚಲು ತುಂಬಿಕೊಂಡು ನಿಲ್ಲಬಾರದು. ಆಮೇಲೆ ಒಂದು ಮಾತು ಕೇಳಿದ. ಎರಡೂ ಸಲ ಮಂಗಳವಾರವೇ ಬಂದಿದೆಯಲ್ಲ, ಸೋಮವಾರ ಏನಾಗುತ್ತದೆ?

ನಿಮ್ಮ ಮಗ ಮೇಲೆ ಜಂತಿ ನೋಡಿದರು. ಏನೂ ಆಗುವುದಿಲ್ಲ ಎಂದು ನಾನು ಹೇಳಿದೆ. ಕಲ್ಮೇಶ ನನ್ನ ಮುಖ ನೋಡಿ, “ಸೋಮಾರ ಸಂಜಿಕ ನಾವು ಹಿಂಡೂದಿಲ್ರಿ, ಅಜ್ಜಿ ಹರಕಿ ಐತಿ, ಅವತ್ತಿನ ಹಾಲು ಕರುವಿನ ಪಾಲು” ಎಂದು ಹೇಳಿಬಿಟ್ಟ. ಡಾಕ್ಟರು ನಗುತ್ತಾನೆ ಎಂದುಕೊಂಡಿದ್ದೆ, ನಕ್ಕಿದ್ದರೆ ಕಳಿಸಿಬಿಡುತ್ತಿದ್ದೆ. ಅವನು ಕರುವಿನ ಹತ್ತಿರ ಹೋಗಿ ಕಣ್ಣಿ ಬಿಚ್ಚಿದ. ಅತ್ತೆಯವರೇ, ಇದನ್ನು ನೀವಿದ್ದಾಗಲೇ ಹೇಳಬೇಕಿತ್ತು. ಈ ಕರುವನ್ನು ಮಾರಿದವರು ಹುಟ್ಟಿದಾಗಿನಿಂದ ಬಕೆಟ್ಟಿನಲ್ಲಿ ಹಾಲು ಕುಡಿಸಿ ಸಾಕಿದ್ದಾರೆ. ಅದಕ್ಕೆ ತಾಯಿಯ ಮೊಲೆ ಗೊತ್ತೇ ಇಲ್ಲ. ಸೋಮವಾರ ಸಂಜೆ ನಾವು ಕಣ್ಣಿ ಬಿಚ್ಚಿದಾಗ ನೀವು ಪಡಸಾಲೆಯಲ್ಲಿ ಕುಳಿತು, ಕರು ಬಿಟ್ಟರು ಎಂದು ಸಮಾಧಾನಪಟ್ಟು ಜಪಕ್ಕೆ ತಿರುಗುತ್ತಿದ್ದಿರಿ. ಕರು ಮಾತ್ರ ತಾಯಿಯನ್ನು ಬಿಟ್ಟು ಖಾಲಿ ಬಕೆಟ್ಟು ನೆಕ್ಕುತ್ತಿತ್ತು. ಕಲಿಯುತ್ತದೆ, ಕಲಿಯುತ್ತದೆ ಎಂದು ನಾನು ಕಾಯುತ್ತಿದ್ದೆ. ಡಾಕ್ಟರ ಎದುರಿಗೂ ಅದು ಬಕೆಟ್ಟಿನ ಕಡೆಗೇ ಓಡಿತು.

ಪೂಜಾರಿ ಮನೆಯವನಲ್ಲವೇ, ಹರಕೆಯ ವಿಷಯವಾದರೂ ತಿಳಿದಿರುತ್ತಾನೆ ಎಂದು ಅವನನ್ನೇ ಕೇಳಿದೆ. “ನಮ್ಮನ್ಯಾಗ ಪೂಜಿ ಅಜ್ಜ ಮಾಡ್ತಾರ್ರಿ, ನಾ ಕೆಚ್ಚಲ ನೋಡ್ತೇನಿ. ಇನ್ನೊಂದು ರಾತ್ರಿ ತುಂಬಿಕೊಂಡು ನಿಂತ್ರ ಆ ಮೊಲಿ ಕಲ್ಲಾಗ್ತದ. ನಂಜು ರಕ್ತಕ್ಕ ಏರಿದ್ರ ಆಕಳನ ಉಳಿಯೂದಿಲ್ಲ” ಎಂದು ಕೈ ತೊಳೆದುಕೊಂಡು ಹೋದ. ನಿನ್ನೆ ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿದೆ. ಅವರು, “ಹೊತ್ತ ಬಾಯೇ ಬಿಡಸಬೇಕವ್ವಾ, ನನಗ ಬಿಡಸಾಕ ಬರೂದಿಲ್ಲ” ಎಂದರು. ಡಾಕ್ಟರು ಹರಕೆಯನ್ನು ಅಯ್ಯನವರಿಗೆ ಬಿಟ್ಟ, ಅಯ್ಯನವರು ನಿಮಗೆ ಬಿಟ್ಟರು. ಹರಕೆ ಮುರಿದದ್ದಕ್ಕೆ ಬಾತಿದೆ ಎಂದು ನೀವು, ನಡೆಸಿದ್ದಕ್ಕೆ ಬಾತಿದೆ ಎಂದು ಡಾಕ್ಟರು. ನಡುವೆ ನಿಂತವಳು ನಾನು.

ಆ ಹರಕೆ ಯಾಕೆ ಹೊತ್ತಿರಿ ಎಂಬುದನ್ನು ನಾನು ಮದುವೆಯಾಗಿ ಬಂದ ವಾರವೇ ನೀವು ಕೂಡಿಸಿಕೊಂಡು ಹೇಳಿದ್ದಿರಿ. ನಿಮ್ಮ ಮಗ ಹುಟ್ಟಿದಾಗ ನಿಮಗೆ ಎದೆಬಾವು ಆಗಿ ಹಾಲು ನಿಂತುಹೋಯಿತು. ಕೊಟ್ಟಿಗೆಯಲ್ಲಿ ಆಗತಾನೇ ಈದಿದ್ದ ಆಕಳ ಹಾಲಿನಲ್ಲಿ ಕರುವಿನ ಪಾಲನ್ನು ತೆಗೆದು ಇವರಿಗೆ ಕುಡಿಸಿದಿರಿ. ಆಗ ಆಕಳ ಕೊರಳು ಹಿಡಿದು, “ನಿನ್ನ ಕೂಸಿನ ಪಾಲು ನನ್ನ ಕೂಸು ಕುಡದೈತಿ. ಸೋಮಾರ ಸಂಜೀದು ನಿನ್ನ ಕೂಸಿಗೇ ಬಿಡತೇನಿ, ನನ್ನ ಕೂಸು ಉಳಸು” ಎಂದಿರಂತೆ. ಉಳಿದದ್ದು ನನ್ನ ಗಂಡ. ಅದಕ್ಕೇ ಈ ಹರಕೆಯನ್ನು ನಿಮಗಿಂತ ಬಿಗಿಯಾಗಿ ನಾನು ಹಿಡಿದದ್ದು. ನೀವು ತಾಯಿ, ನನಗೆ ಕುಂಕುಮದ ಮಾತು.

ಆದರೆ ಇನ್ನೊಂದೂ ನೆನಪಾಗುತ್ತದೆ. ಕಲ್ಮೇಶ ಹುಟ್ಟಿದಾಗ ನನಗೂ ಹಾಗೆಯೇ ಆಯಿತು. ಜ್ವರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ನೀವು ಬಿಸಿನೀರಿನ ಅರಿವೆ ತಂದು ಕುಳಿತು, “ನೋವಾದ್ರೂ ಹಿಂಡಿ ತಗೀಬೇಕು, ಇಲ್ಲಂದ್ರ ಕಲ್ಲಾಗತೈತಿ. ನನಗ ಯಾರೂ ಹೇಳಲಿಲ್ಲ, ನಿನಗ ನಾ ಹೇಳತೇನಿ” ಎಂದಿರಿ. ನಾನು ಅಳುತ್ತಿದ್ದರೂ ಬಿಡಲಿಲ್ಲ. ಮೂರನೆಯ ದಿನ ಕಲ್ಮೇಶ ಕುಡಿದ. ನನ್ನನ್ನು ಈ ಮನೆಯಲ್ಲಿ ಯಾರಾದರೂ ಅಳಿಸಿದ್ದರೆ ಅದು ನೀವು ಮಾತ್ರ, ಅದೂ ಅಂದು ಮಾತ್ರ. ಡಾಕ್ಟರು ಹೇಳಿದ್ದೂ ಅದೇ ಮಾತು, ಅದೇ ಅಕ್ಷರ. ಸೋಮವಾರ ಮುಟ್ಟಬೇಡ ಎಂದವರೂ ನೀವೇ, ತುಂಬಿ ನಿಲ್ಲಗೊಡಬೇಡ ಎಂದವರೂ ನೀವೇ. ಯಾವ ಮಾತನ್ನು ಹಿಡಿಯಲಿ?

ನಾನು ಯಾರನ್ನೂ ಏನನ್ನೂ ಕೇಳಿ ರೂಢಿಯಿಲ್ಲ. ಆದರೂ ಕೇಳುತ್ತಿದ್ದೇನೆ, ಹರಕೆಯನ್ನು ನಿಮ್ಮ ಬಾಯಿಂದ ಬಿಡಿಸಿಕೊಡಿ. ನಾಳೆ ನಸುಕಿನಲ್ಲಿ ನಮ್ಮೂರ ಬಾಳು ತರಕಾರಿ ಟೆಂಪೋ ತೆಗೆದುಕೊಂಡು ರಾಮದುರ್ಗಕ್ಕೆ ಹೋಗುತ್ತಾನೆ, ಅವನ ಕೈಯಲ್ಲಿ ಇದನ್ನು ಸಾಲಹಳ್ಳಿಗೆ ಕೊಟ್ಟು ಕಳಿಸುತ್ತೇನೆ. ಸೋಮವಾರ ಮಧ್ಯಾಹ್ನ ತಿರುಗಿ ಬರುತ್ತಾನೆ. ಹೂಂ ಎಂದರೂ ಸರಿ, ಊಹೂಂ ಎಂದರೂ ಸರಿ, ಶೀತಲ ಒಂದು ಚೀಟಿಯಲ್ಲಿ ಬರೆದುಕೊಡಲಿ. ಸಂಜೆಯೊಳಗೆ ನನಗೆ ತಿಳಿಯಬೇಕು.

ಕಡಲೆ ಬಿತ್ತಿದ್ದು ಚೆನ್ನಾಗಿ ನಾಟಿದೆ. ಕಲ್ಮೇಶ ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾನೆ. ನೀಲವ್ವನಿಗೂ ಅಳಿಯಂದಿರಿಗೂ ನನ್ನ ಶರಣು, ಶೀತಲಳಿಗೆ ಆಶೀರ್ವಾದ. ಬಸವಣ್ಣ ನಿಮ್ಮ ಕಾಲಿಗೆ ಬಲ ಕೊಡಲಿ, ಬೇಗ ನಿಮ್ಮ ಜಾಗಕ್ಕೆ ಬಂದು ಕುಳಿತುಕೊಳ್ಳಿ.

ನಿಮ್ಮ ಹಿರಿ ಸೊಸೆ
ಗುರವ್ವ ನಿಜಗುಣಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಬಾಳು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಭಾನುವಾರವೂ ಬಂದು ಪತ್ರ ಕೇಳಿದ್ದ. ನಾನೇ ಕೊಡಲಿಲ್ಲ. ನೀವು ಬೇಡ ಎಂದಿದ್ದರೆ ನಿಮ್ಮ ಮಾತು ಮೀರಿದ ಸೊಸೆಯಾಗುತ್ತಿದ್ದೆ, ಈಗ ಬರೀ ಕೇಳದೆ ಮಾಡಿದ ಸೊಸೆ. ಬಿಡಿಸಿದೆ ಎಂದಿದ್ದರೆ ಮಗನ ಮೇಲಿನ ಹರಕೆಯನ್ನು ನಿಮ್ಮ ಬಾಯಿಂದಲೇ ಬಿಡಿಸಿದಂತಾಗುತ್ತಿತ್ತು. ಈ ವಯಸ್ಸಿನಲ್ಲಿ ಆ ಭಯ ನಿಮಗೆ ಬೇಡ. ನಿನ್ನೆ ಸೋಮವಾರ ಸಂಜೆ ಚಂದ್ರಿಯನ್ನು ನಾನು ಹಿಂಡಿದೆ. ಕಲ್ಮೇಶನಿಗೆ ಮುಟ್ಟಗೊಡಲಿಲ್ಲ, ಪಾಪವಿದ್ದರೆ ನನ್ನ ಕೈಗೆ ಇರಲಿ ಎಂದು. ಇವರಿಗೂ ಒಳಗೆ ಹೋಗಿರಿ ಎಂದೆ. ಹೋಗಲಿಲ್ಲ. “ನನ್ನ ಹೆಸರಿನ ಹರಕಿ ಅದು. ಹಗ್ಗ ನಾ ಹಿಡೀತೇನಿ, ನೀ ಹಿಂಡು” ಎಂದು ಚಂದ್ರಿಯ ತಲೆಯ ಹತ್ತಿರ ನಿಂತರು. ಮೊದಲು ಹೆಪ್ಪು ಬಂತು, ಆಮೇಲೆ ನೀರು, ಕೊನೆಗೆ ಸ್ವಲ್ಪ ಬೆಳ್ಳಗೆ. ಗುಣವೋ ಅಲ್ಲವೋ ಗೊತ್ತಿಲ್ಲ. ಕರುವಿಗೆ ಕೊಡುವಂತಿರಲಿಲ್ಲ, ಗುಂಡಿ ತೋಡಿಸಿ ಸುಣ್ಣ ಹಾಕಿ ಮುಚ್ಚಿಸಿದೆ. ಇನ್ನು ಮುಂದೆ ಎಲ್ಲ ಸೋಮವಾರವೂ ಹಿಂಡುವುದೇ. ಡಾಕ್ಟರು ಹಾಲು ಶುದ್ಧವಾಯಿತು ಎಂದ ಮೇಲೆ ಸೋಮವಾರ ಸಂಜೆಯದನ್ನು ಕರುವಿನ ಬಕೆಟ್ಟಿಗೆ ಹಾಕುತ್ತೇನೆ, ಡೇರಿಗೆ ಒಂದು ಹನಿಯೂ ಇಲ್ಲ. ಕರು ಕುಡಿದು ಉಳಿದದ್ದನ್ನು ಏನು ಮಾಡಬೇಕೋ ನನಗೆ ತಿಳಿಯದು, ಅದೊಂದನ್ನು ನೀವು ಹೇಳಿ. ಶೀತಲ, ಇನ್ನುಳಿದದ್ದನ್ನು ನಿಧಾನವಾಗಿ, ಎರಡು ಸಲ ಓದು. ನಿಮ್ಮ ಮಗ ಬೆಳಿಗ್ಗೆ ಎದ್ದು ಸ್ನಾನ, ಲಿಂಗಪೂಜೆ ಮುಗಿಸಿ, ಬಿಸಿ ರೊಟ್ಟಿ ಉಂಡು, ಮತ್ತೊಂದು ಕೇಳಿ ಹಾಕಿಸಿಕೊಂಡು, ಕಡಲೆ ಹೊಲಕ್ಕೆ ಹೋಗಿದ್ದಾರೆ.